ಒಲೆಗೆ ಬೀಗ

"ವಾಲ್ವಿಗೆ ಬೀಗ ಹಾಕಬಾರದು ಮೇಡಂ," ಎಂದು ಫಿಟ್ಟರ್ ಎರಡನೆಯ ಸಲ ಹೇಳಿದ. "ಗ್ಯಾಸ್ ಸೋರಿದರೆ ಯಾರು ಬೇಕಾದರೂ ಓಡಿ ಬಂದು ತಿರುಗಿಸೋ ಹಾಗಿರಬೇಕು."

"ಅದಕ್ಕೆ ಹೊರಗಡೆ ಮೀಟರ್ ಹತ್ರ ಇನ್ನೊಂದಿದೆಯಲ್ಲ, ಅದು ಹಾಗೇ ಇರಲಿ," ಎಂದಳು ಮನೆಯೊಡತಿ. "ಒಳಗಿನದಕ್ಕೆ ಬಾಗಿಲು, ಬೀಗ ಬೇಕೇ ಬೇಕು. ಎಲ್ಲರ ಕೈಗೂ ಸಿಗಬಾರದು."

ಎಲ್ಲರ ಕೈಗೂ ಎಂದರೆ ಇನ್ನಾರ ಕೈಗೆ? ಆ ಮನೆಯಲ್ಲಿ ಇದ್ದವರೇ ಇಬ್ಬರು. ಐವತ್ತು ದಾಟಿದ ಈ ಎತ್ತರದ ಹೆಂಗಸು, ಮತ್ತೆ ಪಕ್ಕದ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅವಳ ಕುಳ್ಳನೆಯ ಅತ್ತೆ. ಅಜ್ಜಿಗೆ ಎಂಬತ್ತರ ಹತ್ತಿರ. ಮಗ ತೀರಿಕೊಂಡು ಮೂರು ವರ್ಷವಾಗಿತ್ತು.

ಫಿಟ್ಟರಿಗೆ ಅಷ್ಟೇ ಸಾಕಾಯಿತು. ಅಡುಗೆಮನೆಗೆ ಕಾಲಿಟ್ಟ ಐದು ನಿಮಿಷಕ್ಕೆ ಮನೆಯ ಒಳಗುಟ್ಟೆಲ್ಲ ತನಗೆ ತಿಳಿದುಬಿಡುತ್ತದೆ ಎಂದು ಹೇಳಿಕೊಂಡು ತಿರುಗುವ ಆಸಾಮಿ ಅವನು. ಇಪ್ಪತ್ತು ವರ್ಷ ಜನರ ಅಡುಗೆಮನೆಯಲ್ಲೇ ಕಳೆದಿದ್ದ, ಹೇಳಿಕೊಳ್ಳಲಿ ಬಿಡಿ.

ಹಳೆಯ ಒಲೆಯಿದ್ದ ಗೋಡೆ ಮೊಳದುದ್ದ ಕಪ್ಪಾಗಿತ್ತು. ಇದೇನು ಎಂದು ಕೇಳಿದ.

"ಹೋದ ತಿಂಗಳು ಎಣ್ಣೆ ಬಾಣಲಿಗೆ ಬೆಂಕಿ ಹತ್ತಿಕೊಳ್ತು. ಇಟ್ಟಿದ್ದೇ ಮರೆತುಹೋಗಿತ್ತು. ಅದಕ್ಕೆ ಮುಂಚೆ ಎರಡು ಸಲ ಒಲೆ ಹತ್ತಿಸದೆ ಗ್ಯಾಸ್ ತಿರುಗಿಸಿ ಬಿಟ್ಟಿದ್ದಾಯ್ತು." ಅವಳು ಪಕ್ಕದ ಕೋಣೆಯತ್ತ ನೋಡಿ ದನಿ ತಗ್ಗಿಸಿದಳು. "ಇನ್ನೊಂದು ಸಲ ಆದರೆ ಇಬ್ಬರೂ ಉಳಿಯಲ್ಲ. ಮೆಲ್ಲಗೆ ಮಾತಾಡಿ, ಅತ್ತೆ ನೊಂದ್ಕೋತಾರೆ."

ಅವನು ಹೊರಗಿನ ವಾಲ್ವ್ ಮುಚ್ಚಿದ. ಕಿಟಕಿ ತೆರೆದಿಟ್ಟು ಪೈಪಿನಲ್ಲಿ ಉಳಿದಿದ್ದ ಗ್ಯಾಸ್ ಬಿಟ್ಟ. ಹಳೆಯ ಪೈಪು ಕತ್ತರಿಸಿ ಅದರ ಬಾಯಿ ಮುಚ್ಚಿ, ಹೊಸ ತಾಮ್ರದ ಪೈಪನ್ನು ಸ್ವಿಚ್ ಬೋರ್ಡಿನಿಂದ ದೂರಕ್ಕೆ, ಗೋಡೆಯ ಮೇಲೆಯೇ ಕಿಟಕಿ ಪಕ್ಕದ ಹೊಸ ಕಟ್ಟೆಯವರೆಗೂ ಎಳೆದ. ಮನೆಯೊಡತಿ ಕೈಯಲ್ಲೊಂದು ಚೀಟಿ ಹಿಡಿದು, ಒಂದೊಂದು ಕೆಲಸಕ್ಕೂ ಗುರುತು ಹಾಕುತ್ತ ನಿಂತಿದ್ದಳು. ಗೋಡೆಯೊಳಗೆ ಜಾಯಿಂಟ್ ಇರಲ್ಲ ತಾನೇ ಎಂದು ಮೂರು ಸಲ ಕೇಳಿದಳು. ಮೂರನೆಯ ಸಲಕ್ಕೆ ಅವನ ಪಿತ್ತ ನೆತ್ತಿಗೇರಿತು. ತನ್ನನ್ನೇನು ಮೋಸಗಾರ ಅಂದುಕೊಂಡಿದ್ದಾಳೋ ಹೇಗೆ?

"ಕಟ್ಟೆ ಒಂದು ಗೇಣು ತಗ್ಗಾಯ್ತಲ್ಲ ಮೇಡಂ. ಬಗ್ಗಿ ಬಗ್ಗಿ ನಿಮ್ಮ ಸೊಂಟ ಬಿದ್ದುಹೋಗುತ್ತೆ," ಎಂದು ಚುಚ್ಚಿದ.

"ಇರಲಿ. ಅಳತೆ ಕೊಟ್ಟಿದ್ದು ನಾನೇ."

ಮೊಂಡುತನಕ್ಕೂ ಒಂದು ಮಿತಿ ಬೇಡವೇ ಎಂದುಕೊಂಡ.

ಸೋಪಿನ ನೀರಿಗೆಂದು ಬಟ್ಟಲು ಕೇಳಲು ಪಕ್ಕದ ಕೋಣೆಗೆ ಹೋದಾಗ ಅಜ್ಜಿ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದೆಲ್ಲ ನಿಮಗೆ ಇಷ್ಟ ಇಲ್ವಾ ಅಜ್ಜಿ?"

"ಬೇಡ ಅಂದೆ ಕಣಪ್ಪ. ಕೈ ಮುಗಿದು ಹೇಳಿದೆ. ನನ್ನ ಮಾತು ಎಲ್ಲಿ ಕೇಳ್ತಾಳೆ ಅವಳು."

ಫಿಟ್ಟರಿಗೆ ತನ್ನ ತಾಯಿ ನೆನಪಾದರು. ಅವರು ಕೊನೆಯ ಎರಡು ವರ್ಷ ಅಣ್ಣನ ಮನೆಯಲ್ಲಿದ್ದರು. ಅತ್ತಿಗೆ ಅಡುಗೆಮನೆಗೆ ಬೀಗ ಹಾಕಿಕೊಂಡು ಹೊರಗೆ ಹೋಗುತ್ತಿದ್ದಳು. ಒಂದು ಲೋಟ ಬಿಸಿನೀರಿಗೂ ಅಮ್ಮ ಅವಳ ದಾರಿ ಕಾಯಬೇಕಿತ್ತು. ಅವನು ಅದನ್ನು ಕಣ್ಣಾರೆ ಕಂಡಿದ್ದ. ಅಣ್ಣನ ಸಂಸಾರದಲ್ಲಿ ತಾನೇಕೆ ಮೂಗು ತೂರಿಸಲಿ ಎಂದು ಸುಮ್ಮನಿದ್ದುಬಿಟ್ಟಿದ್ದ. ಅಮ್ಮ ಹೋದ ಮೇಲೆ ಆ ಸುಮ್ಮನಿದ್ದದ್ದು ಅವನನ್ನು ಬಿಟ್ಟಿರಲಿಲ್ಲ. ಈ ಸಲ ಸುಮ್ಮನಿರಬಾರದು ಎಂದು ತೀರ್ಮಾನಿಸಿದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮೇಡಂ. ನಾಳೆ ನಿಮಗೂ ಯಾರಾದರೂ ಹೀಗೇ ಬೀಗ ಹಾಕಿದರೆ?"

ಅವಳು ಚೀಟಿಯಿಂದ ತಲೆಯೆತ್ತಿ ಅವನನ್ನೇ ನೋಡಿದಳು. "ಹಾಕಲಿ," ಎಂದಳು. "ಹಾಕಲೇಬೇಕು."

ಎಂಥ ಕಲ್ಲುಮನಸ್ಸು. ಅವನು ಹಲ್ಲು ಕಚ್ಚಿಕೊಂಡು ಕೆಲಸ ಮುಂದುವರಿಸಿದ. ಪೈಪಿಗೆ ಒತ್ತಡ ಅಳೆಯುವ ಗೇಜು ಸಿಕ್ಕಿಸಿ ಹದಿನೈದು ನಿಮಿಷ ಕಾದ. ಮುಳ್ಳು ಅಲುಗಲಿಲ್ಲ. ಒಂದೊಂದು ಜಾಯಿಂಟಿಗೂ ಸೋಪಿನ ನೀರು ಬಳಿದ. ಒಂದು ಗುಳ್ಳೆಯೂ ಏಳಲಿಲ್ಲ. ವಾಲ್ವಿನ ಪುಟ್ಟ ಬಾಗಿಲಿಗೆ ಗಾಳಿಯಾಡಲು ಕಿಂಡಿ ಕೊರೆದು, ಬೀಗ ಜಡಿದ. ಬೀಗದ ಜೊತೆ ಎರಡು ಕೀಲಿ ಬಂದಿದ್ದವು. ಒಂದನ್ನು ಮನೆಯೊಡತಿಗೆ ಕೊಟ್ಟು, ಇನ್ನೊಂದನ್ನು ಜೇಬಿಗಿಳಿಸಿದ. ಅವಳು ಇನ್ನೊಂದೆಲ್ಲಿ ಎಂದು ಕೇಳಲೂ ಇಲ್ಲ.

ಅವಳು ಬಕೆಟ್ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಅವನು ಅಜ್ಜಿಯ ತೋಳು ಹಿಡಿದು ಅಡುಗೆಮನೆಗೆ ಕರೆತಂದ. ಕೀಲಿಯನ್ನು ಅವರ ಅಂಗೈಗಿಟ್ಟು ಬಾಗಿಲು ತೆಗೆಸಿದ.

"ನೋಡಿ ಅಜ್ಜಿ, ಈ ಹಿಡಿ ಪೈಪಿಗೆ ನೇರ ಇದ್ದರೆ ಗ್ಯಾಸ್ ಬರುತ್ತೆ. ಅಡ್ಡ ತಿರುಗಿಸಿದರೆ ಬಂದ್. ಎಲ್ಲಿ, ನೀವೇ ಮಾಡಿ."

ಅಜ್ಜಿ ತಿರುಗಿಸಿದರು. ಮೊದಲ ಸಲಕ್ಕೇ ಸರಿಯಾಗಿ ತೆರೆದರು, ಸರಿಯಾಗಿ ಮುಚ್ಚಿದರು.

"ಈ ಕೀಲಿ ಎಲ್ಲಿಟ್ಟಿದ್ದೀರ ಅಂತ ನಿಮ್ಮ ಸೊಸೆಗೆ ಮಾತ್ರ ಹೇಳಬೇಡಿ."

"ಹೇಳಲ್ಲ ಕಣಪ್ಪ," ಎಂದರು ಅಜ್ಜಿ. ಮತ್ತೆ ಅವರ ಕಣ್ಣು ತುಂಬಿತು.

ಬಾಗಿಲಲ್ಲಿ ನೆರಳು ಕಂಡಿತು. ಮನೆಯೊಡತಿ ಖಾಲಿ ಬಕೆಟ್ ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಗಲಿ, ಇವತ್ತು ಒಂದು ಕೈ ನೋಡಿಯೇ ಬಿಡೋಣ ಎಂದು ಫಿಟ್ಟರ್ ಎದೆ ಸೆಟೆಸಿದ. ಅವಳು ಅವನತ್ತ ತಿರುಗಿಯೂ ನೋಡದೆ ಒಳಗೆ ಬಂದು, ತನ್ನ ಕೀಲಿಯನ್ನೂ ಅಜ್ಜಿಯ ಅಂಗೈಗೆ ಹಾಕಿ, ಆ ಬೆರಳುಗಳನ್ನು ತಾನೇ ಮಡಚಿದಳು.

"ಇದೂ ನಿಮ್ಮ ಹತ್ರಾನೇ ಇರಲಿ ಅತ್ತೆ. ಇನ್ಮೇಲೆ ನಾನು ಎಷ್ಟು ಅತ್ತರೂ, ಬೈದರೂ ನನಗೆ ಕೊಡಬೇಡಿ. ಗ್ಯಾಸ್ ಬಿಟ್ಟು ಮರೆಯೋಳು ನಾನೇ ಅನ್ನೋದು ಇನ್ನೆಷ್ಟು ದಿನ ನೆನಪಿರುತ್ತೋ ಡಾಕ್ಟರಿಗೂ ಗೊತ್ತಿಲ್ಲವಂತೆ."