ಹಳೇ ಬ್ಯಾಟರಿಯ ದನಿ

ಕಾರು ಓಡಿಸಿದವರ ದನಿ ಅದರ ಬ್ಯಾಟರಿಯಲ್ಲೇ ಉಳಿದುಬಿಡುವುದು ದಾವಣಗೆರೆಯಲ್ಲಿ ಯಾರಿಗೂ ಹೊಸದಲ್ಲ. ರೇವಣ್ಣ ತೀರಿಕೊಂಡು ಮೂರು ವರ್ಷವಾಗಿದ್ದರೂ, ಹೆಂಡತಿ ಗಂಗಾಂಬಿಕೆ ಬಾನೆಟ್ ಎತ್ತಿದರೆ ಸಾಕು, "ಆಯಿಲ್ ನೋಡಿದ್ಯಾ?" ಎಂದು ಇಬ್ಬರೂ ಸೇರಿ ಕಾರು ತೊಳೆಯುತ್ತಿದ್ದ ಹಳೇ ಭಾನುವಾರಗಳಂತೆಯೇ ಗದರುತ್ತಿದ್ದ. ಗಂಡ ಹೋದವಳಿಗೆ ಕೈತುಂಬ ಚಿನ್ನದ ಬಳೆ ಯಾಕೆಂದವರಿಗೆ, "ಅವರಿನ್ನೂ ಮಾತಾಡ್ತಾರಲ್ಲ" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಈಗ ಆ ಬ್ಯಾಟರಿ ಉಬ್ಬಿ ಆಸಿಡ್ ಒಸರುತ್ತಿತ್ತು. ಹೊಸದನ್ನು ತಂದಿಟ್ಟು ಸ್ಪ್ಯಾನರ್ ಹಿಡಿದಳು.

"ಬದಲಾಯಿಸಲೇಬೇಕೇನ್ರೀ?"

"ಮತ್ತೆ? ಸಿಡಿದ್ರೆ ಏನ್ ಮಾಡ್ತೀಯ? ಮೊದಲು ಬಳೆ ತೆಗೆದಿಡು, ಶಾರ್ಟ್ ಆಗ್ತದೆ. ಆಮೇಲೆ ಕಪ್ಪು ವೈರು ಬಿಚ್ಚು."

ಬಳೆ ಕಳಚಿ ಸೀಟಿನ ಮೇಲಿಟ್ಟಳು.

"ಕೆಲಸ ಮುಗಿದ ಮೇಲೆ ಮರೀದೆ ಹಾಕ್ಕೋ," ಎಂದ ರೇವಣ್ಣ.

ಕಪ್ಪು ವೈರು ಬಿಚ್ಚಿದಳು. ದನಿ ನಿಂತಿತು. ಹೊಸ ಬ್ಯಾಟರಿ ಕೂರಿಸಿ, ಬಾನೆಟ್ ಮುಚ್ಚಿ, ಒಂದೊಂದಾಗಿ ಬಳೆಗಳನ್ನೆಲ್ಲ ಮತ್ತೆ ತೊಟ್ಟುಕೊಂಡಳು.