ಪ್ರೇಮಕುಮಾರಿಯ ವೋಟು

ಬಾಗಿಲಲ್ಲಿ ಕೂಗಾಟ ಶುರುವಾದರೂ ಪ್ರೇಮಕುಮಾರಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಒಂದು ಬೆಂದಿತ್ತು, ಒಂದು ಹೆಂಚಿನ ಮೇಲಿತ್ತು. ಕೂಗುತ್ತಿದ್ದವಳು ಚಿಕ್ಕಲಕ್ಷ್ಮಮ್ಮ, ಮೂರು ಸಲ ಗ್ರಾಮ ಪಂಚಾಯಿತಿ ಮೆಂಬರ್ ಆದವಳು.

“ಏನವ್ವಾ ಪ್ರೇಮ, ಡೈರಿ ತಾವ ನಾಕ್ ಜನದ ಮುಂದೆ ನನ್ನ ಕಳ್ಳಿ ಅಂದ್ಯಂತೆ? ನಿನ್ ವೋಟ್ ನಾನ್ಯಾಕವ್ವ ತೆಗುಸ್ಲಿ? ನಂಗೆ ಬಸ್ಸಿನ ಬೋರ್ಡ್ ಓದಕ್ಕೇ ಬರಾಕಿಲ್ಲ!”

“ನಿಮ್ಮ ಮೈದುನಂಗೆ ಬತ್ತದಲ್ಲಕ್ಕ,” ಎಂದಳು ಪ್ರೇಮಕುಮಾರಿ, ಒಲೆಯ ಮುಂದಿನಿಂದಲೇ.

“ನಿನ್ನ ಎದುರ್ಗೇ ನಿಂತು ಸೋಲುಸ್ತೀನಿ ಕಣೆ. ಇಂಗೆ ಇಂದ್ಗಡೆಯಿಂದ ಬರೋಳಲ್ಲ ನಾನು. ಕೇಳೋದಾದ್ರೆ ಮೊದ್ಲು ನಿನ್ನ...”

ಚಿಕ್ಕಲಕ್ಷ್ಮಮ್ಮನ ಕಣ್ಣು ಪಡಸಾಲೆಯಲ್ಲಿ ಕಾಫಿ ಹಿಡಿದು ಕೂತಿದ್ದ ಪ್ರೇಮಕುಮಾರಿಯ ಗಂಡ ಷಡಕ್ಷರಿಯ ಮೇಲೆ ಬಿತ್ತು. ಬಾಯಿಗೆ ಬಂದದ್ದನ್ನು ನುಂಗಿದಳು. ಸೆರಗು ಕೊಡವಿ ಹೊರಟುಹೋದಳು.

ಸಿಕ್ಕಿಬಿದ್ದವರು ಹೀಗೆಯೇ ಹೋಗುವುದು ಎಂದುಕೊಂಡಳು ಪ್ರೇಮಕುಮಾರಿ.

ಹನ್ನೊಂದು ವರ್ಷದಿಂದ ಊರಿನ ಸ್ತ್ರೀಶಕ್ತಿ ಸಂಘವನ್ನು ನಡೆಸುತ್ತಿದ್ದವಳು ಅವಳು. ನೀರಿನ ಟ್ಯಾಂಕಿಗೂ ಅಂಗನವಾಡಿಯ ಸೂರಿಗೂ ಅರ್ಜಿ ಬರೆದವಳು ಅವಳು. ಉದ್ಘಾಟನೆಯ ಫೋಟೊದಲ್ಲಿ ನಿಂತವರು ಬೇರೆಯವರು. ಸಂಕ್ರಾಂತಿಯ ಮಾರನೇ ದಿನ, ಅವರ ವಾರ್ಡು ಈ ಸಲ ಮಹಿಳೆಗೆ ಮೀಸಲು ಎಂಬ ಸುದ್ದಿ ಬಂತು. ನಾನೇ ನಿಲ್ಲುತ್ತೇನೆ ಎಂದಳು. ನಲವತ್ತೆರಡು ವರ್ಷದಲ್ಲಿ ತನಗೆಂದು ಅವಳು ಕೇಳಿದ್ದು ಅದೊಂದೇ.

ಆಮೇಲೆ ಪಂಚಾಯಿತಿಗೆ ಹೊಸ ಮತದಾರರ ಪಟ್ಟಿ ಬಂತು. ಷಡಕ್ಷರಿಯೇ ಹೋಗಿ ನೋಡಿಕೊಂಡು ಬಂದ.

“ನಿನ್ನ ಹೆಸರೇ ಇಲ್ಲ ಪ್ರೇಮ,” ಎಂದ. “ಯಾರ ಕೆಲಸ ಅಂತ ನಾನು ಬೇರೆ ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವಳು ಅಭ್ಯರ್ಥಿಯಾಗುವಂತಿಲ್ಲ. ಲಾಭ ಯಾರಿಗೆಂದು ಊರಿಗೇ ಗೊತ್ತಿತ್ತು.

ಈಗ ಅವನು ಖಾಲಿ ಲೋಟ ಕೆಳಗಿಟ್ಟ. ವಾರದಲ್ಲಿ ನಾಲ್ಕು ದಿನ ಚನ್ನರಾಯಪಟ್ಟಣದಲ್ಲಿ ರೂಮು ಮಾಡಿಕೊಂಡು ತೆಂಗಿನಕಾಯಿ ವ್ಯಾಪಾರ ನಡೆಸುವ ಗಂಡ ಅವನು. ಮನೆಗೆ ಬಂದಾಗ ಜಗಳ ಸಹಿಸುತ್ತಿರಲಿಲ್ಲ.

“ಬಿಡು, ಈ ಹೊಲಸು ನಮಗ್ಯಾಕೆ? ಒಂದ್ ತಿಂಗಳು ತವರಿಗೆ ಹೋಗಿ ಇದ್ದು ಬಾ. ನಿಮ್ಮಮ್ಮಂಗೂ ಖುಷಿ ಆಗ್ತದೆ. ತಾಲ್ಲೂಕು ಕಚೇರಿಗೆ ನಾನೇ ಹೋಗಿ ಸರಿ ಮಾಡಿಸ್ತೀನಿ.”

ಎರಡು ವಾರದಿಂದ ಹೀಗೆಯೇ ಹೇಳುತ್ತಿದ್ದ. ಮನಸ್ಸಿದೆ, ಪುರಸೊತ್ತಿಲ್ಲ ಎಂದು ಅವಳು ಸಮಾಧಾನ ತಂದುಕೊಂಡಿದ್ದಳು. ಆದರೆ ನಾಮಪತ್ರಕ್ಕೆ ಇನ್ನು ಐದೇ ದಿನ. ಅವನ ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಸೀರೆ ಬದಲಿಸಿ ಹೊಳೆನರಸೀಪುರದ ಬಸ್ಸು ಹತ್ತಿದಳು.

ಚುನಾವಣಾ ಶಾಖೆಯ ಗುಮಾಸ್ತ ನಟರಾಜು ಅವಳ ಗುರುತಿನ ಚೀಟಿಯ ನಂಬರನ್ನು ಕಂಪ್ಯೂಟರಿಗೆ ಹಾಕಿದ.

“ತೆಗೆದಿಲ್ಲ ಮೇಡಂ, ವರ್ಗ ಆಗಿದೆ. ಕೊಣನೂರು ಹೋಬಳಿಗೆ, ತವರೂರು ಅಂತ ಅರ್ಜೀಲಿದೆ. ಅಲ್ಲಿ ನೀವು ವೋಟರ್ರೇ.”

“ಅರ್ಜಿ ಯಾರು ಕೊಟ್ರು ಸಾ?”

“ನೀವೇ. ಆನ್‌ಲೈನಲ್ಲಿ. ಓಟಿಪಿ ನಿಮ್ಮ ಮೊಬೈಲಿಗೇ ಹೋಗಿದೆ ನೋಡಿ, ದೀಪಾವಳಿ ಮುಗಿದ ವಾರ.”

ದೀಪಾವಳಿ ಮುಗಿದ ವಾರ. ಷಡಕ್ಷರಿ ಅವಳ ಮೊಬೈಲ್ ತೆಗೆದುಕೊಂಡು ಜಗಲಿಗೆ ಹೋಗಿದ್ದ. ರೇಷನ್ ಕಾರ್ಡಿಗೆ ಏನೋ ನಂಬರ್ ಬರುತ್ತದಂತೆ ಎಂದಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದಳು.

ಷಡಕ್ಷರಿಯ ಕಾಯಿ ಸಾಗುವುದು ಚಿಕ್ಕಲಕ್ಷ್ಮಮ್ಮನ ಮೈದುನನ ಲಾರಿಯಲ್ಲಿ. ಇಬ್ಬರೂ ಮಾತಾಡಿಕೊಂಡಿರಬೇಕು.

“ನನ್ನ ಸೀಟು ಬಿಟ್ಟುಕೊಟ್ಟವ್ರೆ,” ಎಂದಳು, ತನಗೇ ಹೇಳಿಕೊಂಡಂತೆ.

“ಸೀಟಿಗಲ್ಲ ಬಿಡಿ ಮೇಡಂ. ನಿಮ್ಮ ವಾರ್ಡು ಮಹಿಳೆಗೆ ಬರುತ್ತೆ ಅಂತ ದೀಪಾವಳೀಲಿ ಯಾರಿಗೆ ಗೊತ್ತಿತ್ತು?”

ನಟರಾಜು ಮುದ್ರಿತ ಪಟ್ಟಿ ತೆಗೆದು ಅವಳ ಮನೆ ನಂಬರು ಹುಡುಕಿದ. ಬೆರಳು ಒಂದು ಕಡೆ ನಿಂತಿತು. ಅವಳ ಮುಖ ನೋಡಿದ. ಪುಟವನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದ. ಕುಡಿಯುವ ನೀರಿನ ಬಾಟಲಿಯನ್ನೂ ಸರಿಸಿದ.

ಪ್ರೇಮಕುಮಾರಿ ಓದಿದಳು. ಇನ್ನೊಂದು ಸಲ ಓದಿದಳು.

“ವಾಪಸ್ ಇಲ್ಲಿಗೇ ಹಾಕಿಸ್ತೀರಾ? ಫಾರಂ ಕೊಡ್ಲಾ?” ಎಂದ ನಟರಾಜು.

“ಬೇಡ ಸಾ. ಅಲ್ಲೇ ಇರಲಿ.”

ಬಸ್ ನಿಲ್ದಾಣದಲ್ಲಿ ಗಂಡನ ಊರಿನ ಮೇಲೆ ಹಳ್ಳಿಮೈಸೂರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಂಡಕ್ಟರ್ ಗುರುತಿನವನು. “ಬನ್ನಿ ಪ್ರೇಮಕ್ಕ, ಸೀಟೈತೆ,” ಎಂದ. ಅವಳು ಬೇಡವೆಂದು ತಲೆಯಾಡಿಸಿ ಮುಂದೆ ನಡೆದಳು. ಅರಕಲಗೂಡಿನ ಮೇಲೆ ಕೊಣನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಮೊಬೈಲ್ ಬಡಿದುಕೊಂಡಿತು.

“ಎಲ್ಲಿದ್ದೀಯ?” ಷಡಕ್ಷರಿ.

“ಬಸ್ಸಲ್ಲಿ. ನೀವು ಹೇಳ್ದಂಗೇ ತವರಿಗೆ ಹೊರಟೆ.”

ಆ ಕಡೆ ಉಸಿರು ಬಿಟ್ಟ ಸದ್ದು.

“ಒಳ್ಳೇದಾಯ್ತು. ನಿಧಾನಕ್ಕೆ ಬಾ. ಇಲ್ಲೇನೂ ಆತುರ ಇಲ್ಲ.”

“ಗೊತ್ತು,” ಎಂದಳು.

ತವರೂರಿನ ವಾರ್ಡು ಸಾಮಾನ್ಯ ಸ್ಥಾನ. ಗಂಡಸರೇ ನಿಂತು ರೂಢಿ. ಆದರೆ ಹೆಂಗಸು ನಿಲ್ಲಬಾರದೆಂಬ ಕಾನೂನಿಲ್ಲ. ಅಲ್ಲಿನ ವೋಟರ್ ಆಗಿದ್ದರೆ ಸಾಕು. ಅದನ್ನು ಅವಳ ಗಂಡನೇ ಮಾಡಿಸಿಕೊಟ್ಟಿದ್ದ. ಇನ್ನೂ ಐದು ದಿನವಿತ್ತು. ಅರಕಲಗೂಡು ದಾಟುವಷ್ಟರಲ್ಲಿ ತೀರ್ಮಾನವಾಗಿತ್ತು: ನಾಮಪತ್ರ ಅಲ್ಲೇ, ಇನ್ನು ಬದುಕೂ ಅಲ್ಲೇ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಏನವ್ವಾ, ಹಬ್ಬಕ್ಕಾ?” ಎಂದು ಕೇಳಿದಳು. ಪ್ರೇಮಕುಮಾರಿ ಹೂಂ ಎಂದಳು.

ಪಟ್ಟಿಯ ಆ ಪುಟದಲ್ಲಿ, ಅವಳ ಮನೆಯ ನಂಬರಿನಲ್ಲಿ, ಷಡಕ್ಷರಿಯ ಕೆಳಗೆ ಹೊಸದಾಗಿ ಒಂದು ಹೆಸರು ಸೇರಿತ್ತು: ರೂಪಶ್ರೀ, ವಯಸ್ಸು ಇಪ್ಪತ್ತೇಳು, ಗಂಡನ ಹೆಸರು ಷಡಕ್ಷರಿ.