ಕೊನೆಯ ತುಂಡಿನ ಒತ್ತು

“ಥೂ, ನಿನ್ ನಾಲಿಗೆಗೆ ಬೆಂಕಿ ಹಾಕ! ಔಷಧಿಗೆ ಮೆ-ದಿ-ಸೀನ್ ಅನ್ನಬೇಕು ಕಣ್ಲಾ, ಲ್ಯಾಟಿನ್‌ನಿಂದ ಬಂದಿರೋ ಪದ. ಮೂರು ತುಂಡು, ಒತ್ತು ಕೊನೇದ್ಕೆ. ಮೊದಲನೇದನ್ನ ಯಾಕ್ಲಾ ಗುದ್ದುತೀಯ? ಇಸ್ಕೂಲ್ ಬಿಟ್ಟ ದನಕ್ಕೆ ನಾರ್ವೆ ಭಾಷೆ ಬೇರೆ!”

ಪರೀಕ್ಷಾ ಕೇಂದ್ರದ ಪಡಸಾಲೆಯಲ್ಲಿ ಶಂಭುಲಿಂಗ ನಿಂಗರಾಜನ ಮೇಲೆ ಹೀಗೆ ಅರಚಿದಾಗ, ಜೊತೆಗೆ ಬಂದಿದ್ದ ಹೋಟೆಲಿನ ಅಡುಗೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಿಂಗರಾಜ ಹಲ್ಲು ಕಚ್ಚಿದ. ಇವತ್ತು ಪಾಸಾಗದವರು ನಾರ್ವೆ ಬಿಟ್ಟು ಊರಿನ ವಿಮಾನ ಹತ್ತಬೇಕಿತ್ತು.

ಬಾಗಿಲು ತೆರೆದ ಪರೀಕ್ಷಕಿ ಇಬ್ಬರ ಹೆಸರನ್ನೂ ಒಟ್ಟಿಗೆ ಕರೆದಳು. ಮಾತಿನ ಪರೀಕ್ಷೆ ಇಲ್ಲಿ ಜೋಡಿಯಲ್ಲೇ ನಡೆಯುವುದು. ಒಂಟಿಯಾಗಿ ಬಂದವನನ್ನು ಕೂರಿಸುವುದಿಲ್ಲ.

“ಬಾರಪ್ಪಾ, ತಮ್ಮಾ,” ಶಂಭುಲಿಂಗನ ದನಿ ಬೆಣ್ಣೆಯಾಯಿತು. “ನೀನು ಒಳಗೆ ಬರದೇ ಹೋದ್ರೆ ನಂದೂ ಮುಳುಗೋಯ್ತದೆ.”

ನಿಂಗರಾಜ ಜಾಕೆಟ್ಟು ತೊಟ್ಟು ಬೀದಿಯ ಕಡೆ ನಡೆದುಬಿಟ್ಟ.